ಚಿತ್ರದುರ್ಗದ ಜೋಗಿಮಟ್ಟಿ, ಚಂದ್ರವಳ್ಳಿ ಕಡೆ ಕಾಣೋ ಹಾವುಗಳನ್ನ ಗುರುತಿಸೋದು ಹೇಗೆ?

ದುರ್ಗದ ನಡಿಗೆ:
ಭಾನುವಾರ ಬೆಳಿಗ್ಗೆ ನಮ್ಮ ಗುಂಪು ಜೋಗಿಮಟ್ಟಿ, ಆಡುಮಲ್ಲೇಶ್ವರ, ಚಂದ್ರವಳ್ಳಿ ಸುತ್ತ ನಡೆಯುತ್ತೆ. ಡಿಸೆಂಬರ್‌ನಲ್ಲಿ ಜೈಸಲ್ಮೇರ್ ಮರಳುಗಾಡಿಗೂ ಹೋಗೋ ಯೋಚನೆ ಇದೆ. "ತಲೆ ತ್ರಿಕೋನ ಇದ್ರೆ ವಿಷದ ಹಾವು, ಇಲ್ಲದಿದ್ರೆ ಅಲ್ಲ" ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ನಂಬಬಹುದಾ? ಕಲ್ಲು ಸರಿಸಿದರೆ ಸಿಗೋ ಗೇಣುದ್ದದ ಕಂದು ಹಾವು ಯಾವುದು? ಕಚ್ಚಿದರೆ ಹಾವನ್ನ ಹೊಡೆದು ಆಸ್ಪತ್ರೆಗೆ ಒಯ್ಯಬೇಕಾ?

ಕಲ್ಲುಬಂಡೆ:
ತ್ರಿಕೋನದ ಮಾತು ಬಿಟ್ಟುಬಿಡಿ. ನಾಗರಹಾವಿಗೂ ಕಟ್ಟುಹಾವಿಗೂ ತಲೆ ತ್ರಿಕೋನ ಇರಲ್ಲ, ಎರಡೂ ಜೀವ ತೆಗೆಯುತ್ತವೆ. ಬೆಕ್ಕು ಹಾವಿನ ತಲೆ ಚೆನ್ನಾಗೇ ಅಗಲ, ಅದರಿಂದ ಮನುಷ್ಯರಿಗೆ ಅಪಾಯವಿಲ್ಲ. ಹೆದರಿದಾಗ ತಲೆ ಚಪ್ಪಟೆ ಮಾಡಿಕೊಳ್ಳೋ ಸಾಧು ಹಾವುಗಳೂ ಇವೆ.

ಕಲ್ಲಡಿಯ ಗೇಣುದ್ದದ್ದು ಗರಗಸ ಮಂಡಲ ಇರಬಹುದು. ನಮ್ಮ ಕಡೆಯ ಒಣ ಗುಡ್ಡಕ್ಕೆ ಹೇಳಿ ಮಾಡಿಸಿದ ಹಾವು. ಬೆಳೆದದ್ದೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಡಿ ಅಷ್ಟೇ, ಹಾಗಾಗಿ ಜನ "ಮರಿ" ಅಂದ್ಕೊಂಡು ಕೈ ಹಾಕ್ತಾರೆ. ನೋಡಬೇಕಾದ್ದು: ತಲೆಯ ಮೇಲೆ ಬಿಳಿ ಬಾಣದ ಗುರುತು, ಪಕ್ಕೆಯುದ್ದಕ್ಕೂ ಅಲೆಅಲೆಯಾದ ಬಿಳಿ ಗೆರೆ, ಒರಟು ಹುರುಪೆ, ದೊಡ್ಡ ಕಣ್ಣು, ಅದರಲ್ಲಿ ನೆಟ್ಟಗೆ ಸೀಳಿದ ಪಾಪೆ. ಕೆಣಕಿದರೆ ಓಡಲ್ಲ. ಮೈ ಸುತ್ತಿಕೊಂಡು ಪಕ್ಕೆಯ ಓರೆ ಹುರುಪೆಗಳನ್ನ ಒಂದಕ್ಕೊಂದು ಉಜ್ಜುತ್ತೆ. ಕಾದ ಹಂಚಿಗೆ ನೀರು ಬಿದ್ದಾಗಿನ ಚರ್ರ್ ಸದ್ದು ಅದೇ. ಬಾಯಿಂದ ಬರೋ ಬುಸುಗುಟ್ಟುವಿಕೆ ಅಲ್ಲ. ಸದ್ದು ಕೇಳಿದರೆ ಹಾವು ಎಲ್ಲಿದೆ ಅಂತ ಮೊದಲು ಕಣ್ಣಲ್ಲೇ ಹುಡುಕಿ, ಆಮೇಲೆ ಕಾಲು ಎತ್ತಿ. ಮಳೆ ಬಿದ್ದಾಗ ನೆಲ ಬಿಟ್ಟು ಕಳ್ಳಿ, ಪೊದೆ ಹತ್ತೋದೂ ಉಂಟು, ಸೊಂಟದೆತ್ತರದ ಗಿಡವನ್ನೂ ನೋಡದೆ ಹಿಡೀಬೇಡಿ.

ಬೆಕ್ಕು ಹಾವನ್ನೇ ಇದು ಅಂದ್ಕೊಳ್ಳೋರು ಬಹಳ. ಅದರ ಮೈ ತೆಳ್ಳಗೆ, ಉದ್ದ, ಹುರುಪೆ ನುಣುಪು.

ಮಣ್ಣುಮುಕ್ಕ:
ಉಳಿದ ಗೊಂದಲ ಮೂರು ಜೋಡಿಯದ್ದು. ಪ್ರತಿ ಜೋಡಿಯಲ್ಲೂ ಮೊದಲನೆಯದು ವಿಷದ್ದು, ಎರಡನೆಯದು ಸಾಧು.

ಕಟ್ಟುಹಾವು, ತೋಳಹಾವು: ಪಟ್ಟೆ ಎಲ್ಲಿ ಶುರುವಾಗುತ್ತೆ ನೋಡಿ. ಕಟ್ಟುಹಾವಿನದು ಹೊಳೆಯೋ ಕರಿ ಮೈ. ಕುತ್ತಿಗೆಯ ಹತ್ತಿರ ಪಟ್ಟೆ ಇರಲ್ಲ ಅಥವಾ ಚುಕ್ಕೆಯಷ್ಟೇ. ಹಿಂದಕ್ಕೆ ಹೋದಂತೆ ಸ್ಪಷ್ಟವಾಗುತ್ತೆ, ಎಷ್ಟೋ ಸಲ ಜೋಡಿಜೋಡಿಯಾಗಿ. ತೋಳಹಾವಿನದು ತಿರುಗಾಮುರುಗಾ: ಕುತ್ತಿಗೆಯಿಂದಲೇ ಅಗಲ ಪಟ್ಟೆ, ಬಾಲದ ಕಡೆ ಮಾಸುತ್ತೆ, ಮೈ ಕಂದು. ಬೆನ್ನ ನಡುವಿನ ಹುರುಪೆ ಸಾಲು ದೊಡ್ಡದಾಗಿ ಆರು ಮೂಲೆ ಇದ್ದರೆ ಕಟ್ಟುಹಾವು ಖಚಿತ, ಆದರೆ ಅಷ್ಟು ಹತ್ತಿರ ಹೋಗೋದು ಫೋಟೋದಲ್ಲಿ ಮಾತ್ರ. ಕೆಲವು ಕಟ್ಟುಹಾವಿಗೆ ಪಟ್ಟೆಯೇ ಕಾಣಲ್ಲ. ಅನುಮಾನ ಬಂದರೆ ಕಟ್ಟುಹಾವು ಅಂತಲೇ ಲೆಕ್ಕ.

ಕೊಳಕುಮಂಡಲ, ಮಣ್ಣುಮುಕ್ಕ: ಕೊಳಕುಮಂಡಲದ ಬೆನ್ನ ಮೇಲೆ ಕಪ್ಪಂಚಿನ ಕಂದು ಮಚ್ಚೆ ಮೂರು ಸಾಲು, ನಡುವಿನದು ಸರಪಳಿ ಹಾಗೆ ಕೂಡಿಕೊಂಡಿರುತ್ತೆ. ಕುತ್ತಿಗೆ ಸಣ್ಣ, ತಲೆ ಬೇರೆಯಾಗಿ ಕಾಣುತ್ತೆ, ಬುಸ್ಸೆನ್ನೋದು ಹತ್ತಾರು ಹೆಜ್ಜೆ ದೂರಕ್ಕೂ ಕೇಳುತ್ತೆ. ಮಣ್ಣುಮುಕ್ಕನಿಗೆ ಮಚ್ಚೆ ಅಡ್ಡಾದಿಡ್ಡಿ, ಕುತ್ತಿಗೆಯೇ ಇಲ್ಲ, ಕಣ್ಣು ಸಣ್ಣ, ಬಾಲ ಮೊಂಡು. ಹೆಬ್ಬಾವಿನ ಮರಿ ಅಂತ ಕೊಳಕುಮಂಡಲ ಎತ್ತಿಕೊಂಡ ಪ್ರಕರಣಗಳೂ ಇವೆ, ಫೋನ್ ಹಿಡಿದು ಹತ್ತಿರ ಹೋಗೋರಿಗೆ ಇದು ಗೊತ್ತಿರಲಿ.

ನಾಗರ, ಕೇರೆ: ಹೆಡೆ ಎತ್ತದ ನಾಗರ ಕೇರೆಯಂತೆಯೇ ಇರುತ್ತೆ. ಕೇರೆಗೆ ಕಣ್ಣು ದೊಡ್ಡದು, ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆಗಳು, ಕಂಡ ತಕ್ಷಣ ಜೋರಾಗಿ ಓಡುತ್ತೆ.

ಇದೆಲ್ಲಾ ಎರಡು ಮೀಟರ್ ಆಚೆಯಿಂದ ನೋಡೋ ವಿಷಯ. ಹಿಡಿಯೋದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡಲ್ಲ. ಮಣ್ಣುಮುಕ್ಕನ ಜಾತಿಯದೇ ಆದ "ಎರಡು ತಲೆ ಹಾವ"ನ್ನ ಕೊಳ್ತೀವಿ ಅಂತ ಬರೋರು ಕಳ್ಳಸಾಗಣೆಯವರು, ದೂರ ಇಡಿ.

ಮರಳಗಾಡು:
ಜೈಸಲ್ಮೇರ್ ವಿಷಯ. ಅಲ್ಲಿಯ ಗರಗಸ ಮಂಡಲ ಬೇರೆ ಉಪಜಾತಿ, ಸೋಚುರೆಕಿ. ಗುರುತು ಅದೇ, ಗಾತ್ರ ದೊಡ್ಡದು, ಎರಡೂವರೆ ಅಡಿವರೆಗೂ ಬೆಳೆಯುತ್ತೆ. ತೊಡಕು ಔಷಧಿಯಲ್ಲಿದೆ: ದೇಶದ ಪ್ರತಿವಿಷಕ್ಕೆ ವಿಷ ಹೆಚ್ಚಾಗಿ ತಮಿಳುನಾಡಿನಲ್ಲಿ ಹಾವು ಹಿಡಿಯೋ ಇರುಳ ಸಮುದಾಯದ ಸಹಕಾರ ಸಂಘದಿಂದ ಬರುತ್ತೆ, ಅಂದರೆ ದಕ್ಷಿಣದ ಹಾವಿನ ವಿಷ. ಹಾಗಾಗಿ ರಾಜಸ್ಥಾನದ ಮಂಡಲ ಕಚ್ಚಿದಾಗ ಆ ಔಷಧಿ ಸರಿಯಾಗಿ ನಾಟದಿರೋದೂ ಉಂಟು. ಅಲ್ಲಿ ದೊಡ್ಡ ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡು ಹೋಗಿ.

ಇನ್ನೊಂದು ಸಿಂಧ್ ಕಟ್ಟುಹಾವು. ಅಲ್ಲಿನವರು ಹೇಳೋ "ಪೀವಣಾ", ಮಲಗಿದವರ ಉಸಿರು ಹೀರುತ್ತಂತೆ. ಕಚ್ಚಿದ ನೋವು ಗೊತ್ತಾಗದೆ, ಉಸಿರಾಟದ ಸ್ನಾಯು ಸೋತು ಜನ ಸಾಯೋದರಿಂದ ಹುಟ್ಟಿದ ಕತೆ. ಮರಳ ಮೇಲೆ ಬರಿ ಚಾಪೆ ಹಾಸಿ ಮಲಗಬೇಡಿ. ಸೊಳ್ಳೆಪರದೆ ಕಟ್ಟಿ ಅಂಚನ್ನ ಹಾಸಿಗೆಯಡಿ ಸಿಕ್ಕಿಸಿ, ಅಥವಾ ಜಿಪ್ ಪೂರ್ತಿ ಹಾಕೋ ಟೆಂಟ್. ಡಿಸೆಂಬರ್ ಚಳಿಗೆ ಹಾವು ಕಡಿಮೆ ಓಡಾಡುತ್ತವೆ, ಮಧ್ಯಾಹ್ನದ ಬಿಸಿಲಿಗೆ ಹೊರಬರೋದು ಉಂಟು.

ದಾವಣಗೆರೆ ವೈದ್ಯ:
ಹಾವನ್ನ ಹೊಡೆದು ತರಬೇಡಿ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ನಮಗೂ ಅದು ಬೇಕಿಲ್ಲ. ಇಲ್ಲಿ ಸಿಗೋ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಸುರಕ್ಷಿತ ದೂರದಿಂದ ಒಂದು ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೆ ಹುಡುಕುತ್ತಾ ಹೊತ್ತು ಕಳೀಬೇಡಿ.

ಒಣ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡ್ತೇವೆ. ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ. ರೆಪ್ಪೆ ಜೋತು, ಮಾತು ತೊದಲಿದರೆ ನಾಗರ ಅಥವಾ ಕಟ್ಟುಹಾವು. ಕಟ್ಟುಹಾವು ಕಚ್ಚಿದ ಗಾಯ ಕಾಣದೇ ಇರಬಹುದು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕೂರಿಸಬೇಡಿ.

ಗುಡ್ಡದಲ್ಲಿ ಮಾಡಬೇಕಾದ್ದು: ಉಂಗುರ, ವಾಚು, ಕಾಲ್ಗೆಜ್ಜೆ, ಬಿಗಿಯಾದ ಶೂ ಬಿಚ್ಚಿ. ಮುರಿದ ಮೂಳೆಗೆ ಕಟ್ಟೋ ಹಾಗೆ ಕಾಲಿಗೆ ಕೋಲಿಟ್ಟು ಅಲುಗದಂತೆ ಕಟ್ಟಿ, ನಡೆಸದೆ ಹೊತ್ತುಕೊಂಡು ಇಳಿಸಿ, 108ಕ್ಕೆ ಕರೆ ಮಾಡಿ. ಹಗ್ಗ ಬಿಗಿಯೋದು, ಕುಯ್ಯೋದು, ಹೀರೋದು, ಐಸ್ ಇಡೋದು ಯಾವುದೂ ಬೇಡ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ, ತಡೆದಿದ್ದ ವಿಷ ಒಟ್ಟಿಗೆ ಮೈಗೇರಬಹುದು. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು, ಹಾವು ಬಿಡೋ ವಿಷ ವಯಸ್ಸು ನೋಡಲ್ಲ.

ದುರ್ಗದ ನಡಿಗೆ:
ಧನ್ಯವಾದ ಎಲ್ಲರಿಗೂ. ಡಾಕ್ಟ್ರೇ, ಶೂ ಯಾವುದು ಸಾಕಾಗುತ್ತೆ?

ಕಲ್ಲುಬಂಡೆ:
ಗಿಣ್ಣು ಮುಚ್ಚೋ ಶೂ, ದಪ್ಪ ಬಟ್ಟೆಯ ಸಡಿಲ ಪ್ಯಾಂಟ್. ಗರಗಸ ಮಂಡಲದ ಹೊಡೆತ ಹೆಚ್ಚಾಗಿ ಪಾದ, ಗಿಣ್ಣಿಗೇ. ಬಂಡೆ ಹತ್ತುವಾಗ ಕಣ್ಣಿಗೆ ಕಾಣದ ಸಂದಿಗೆ ಬೆರಳು ಹಾಕಬೇಡಿ. ಕತ್ತಲಿದ್ದಾಗಲೇ ಹೊರಡೋರು ಟಾರ್ಚ್ ಕೈಯಲ್ಲೇ ಇಟ್ಟುಕೊಳ್ಳಿ; ಮೊಬೈಲ್ ಬೆಳಕು ಒಣ ಎಲೆ ನಡುವೆ ಸಾಲದು.