ಸಹಾಯ ಬೇಕು: ‘ನೈಸ್’ಗೆ ಸರಿಯಾದ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಜೇನ್ ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯ 14ನೇ ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ, ಒಂದೇ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಕಥಾನಾಯಕಿ ಕ್ಯಾಥರೀನ್ ಒಂದು ಪುಸ್ತಕವನ್ನು ‘ನೈಸ್’ ಎನ್ನುತ್ತಾಳೆ. ಸಹೋದರಿಯ ಜೊತೆ ಅವಳೊಂದಿಗೆ ವಾಕಿಂಗ್ ಬಂದಿರುವ ಹೆನ್ರಿ ಬಿಡುತ್ತಾನಾ? ಈ ದಿನವೂ ನೈಸ್, ನಮ್ಮ ವಾಕಿಂಗೂ ನೈಸ್, ನೀವಿಬ್ಬರೂ ನೈಸ್ ಎಂದು ಕಾಡಿಸುತ್ತಾನೆ. ಮೊದಲು ಈ ಪದಕ್ಕೆ ಅಚ್ಚುಕಟ್ಟು, ನಾಜೂಕು ಎಂಬ ಅರ್ಥವಿತ್ತು, ಈಗ ಎಲ್ಲದಕ್ಕೂ ಇದೊಂದೇ ಹೊಗಳಿಕೆ ಅನ್ನುವುದು ಅವನ ತಕರಾರು.

ಇದರ ಲ್ಯಾಟಿನ್ ಮೂಲಕ್ಕೆ ‘ಏನೂ ತಿಳಿಯದ’ ಎಂಬ ಅರ್ಥ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದು ದಡ್ಡನಿಗೆ ಹೇಳುವ ಮಾತಾಗಿತ್ತು!

‘ಚೆನ್ನಾಗಿದೆ’ ಅಂದರೆ ನಾಜೂಕಿನ ಅರ್ಥ ಪೂರ್ತಿ ಹೋಗುತ್ತದೆ. ‘ನಯ’ ನನಗೆ ತುಂಬಾ ಇಷ್ಟ, ಆದರೆ ದಿನವನ್ನು ಯಾರೂ ನಯ ಅನ್ನುವುದಿಲ್ಲ, ಅಲ್ವಾ? ‘ಸೊಗಸು’ ಎರಡೂ ಕಡೆ ನಿಲ್ಲುತ್ತದಾ? ನಿಮ್ಮ ಊರಿನ ಮಾತಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ಹೇಳಿ.