ಹೊಡೆದಿಲ್ಲ ಅಂತ ಎಷ್ಟು ಜನಕ್ಕೆ ಹೇಳ್ಕೊಂಡು ತಿರುಗಲಿ?

ಪ್ರಶ್ನೆ:
ಮದುವೆ ಆಗಿ ಒಂಬತ್ತು ವರ್ಷ, ಈಗ ಡಿವೋರ್ಸ್ ಕೇಸ್ ನಡೀತಾ ಇದೆ. ಮೊದಲು ಇಬ್ಬರೂ ಒಪ್ಕೊಂಡೇ ಬೇರೆ ಆಗೋಣ ಅಂದಿದ್ವಿ, ಮಗಳು ಯಾರ ಹತ್ರ ಇರ್ಬೇಕು ಅನ್ನೋ ಮಾತು ಬಂದಿದ್ದೇ ಬಂದಿದ್ದು ಎಲ್ಲಾ ಉಲ್ಟಾ ಆಯ್ತು. ಹೋದ ವಾರ ಹೆಂಡತಿ ಹಾಕಿರೋ ಅಫಿಡವಿಟ್ ಕೈಗೆ ಬಂತು. ನಾನು ದಿನಾ ಹೊಡೀತಿದ್ದೆ, ಮಗಳ ಎದುರಿಗೇ ಕತ್ತು ಹಿಡಿದೆ ಅಂತೆಲ್ಲಾ ಇದೆ. ಜಗಳ ಆಡಿದೀನಿ, ಜೋರಾಗಿ ಕೂಗಾಡಿದೀನಿ, ಅದನ್ನ ಇಲ್ಲ ಅನ್ನಲ್ಲ, ಆದ್ರೆ ಒಂದು ದಿನಾನೂ ಕೈ ಎತ್ತಿಲ್ಲ. ಆ ಒಂದು ಪುಟ ಎಷ್ಟು ಸಲ ಓದಿದೀನೋ, ಮಡಿಚಿದ ಕಡೆ ಹರಿದೇ ಹೋಗಿದೆ. ಇಬ್ಬರಿಗೂ ಬೇಕಾದ ಫ್ರೆಂಡ್ಸ್ ಫೋನ್ ಎತ್ತಲ್ಲ. ಮಗಳನ್ನ ನೋಡೋಕೆ ವಾರಕ್ಕೆ ಒಂದು ಗಂಟೆ, ಅದೂ ಪಕ್ಕದಲ್ಲಿ ಇನ್ನೊಬ್ರು ಕೂತಿರ್ತಾರೆ. ಒಂದೇ ಒಂದು ಸಲ ಹೆಂಡತಿಗೆ ಫೋನ್ ಮಾಡಿ ಯಾಕಮ್ಮ ಹೀಗೆ ಬರೆದೆ ಅಂತ ಕೇಳ್ಬೇಕು ಅನ್ಸುತ್ತೆ. ಇಂಥದ್ದನ್ನ ದಾಟಿ ಬಂದೋರು ಯಾರಾದ್ರೂ ಇದ್ರೆ ಹೇಳಿ.

ಉತ್ತರ 1:
ಬ್ರದರ್, ಫೋನ್ ಮಾತ್ರ ಮಾಡ್ಬೇಡಿ. ನಾನು ಅದೇ ತಪ್ಪು ಮಾಡ್ದೆ. ಒಂದು ರಾತ್ರಿ ನಿದ್ದೆ ಬರ್ದೆ ಎರಡು ಗಂಟೆಯಿಂದ ನಾಲ್ಕರ ತನಕ ಮೆಸೇಜ್ ಮೇಲೆ ಮೆಸೇಜ್ ಕಳಿಸ್ದೆ, ಅದರಲ್ಲೊಂದು ‘ನಿನ್ನನ್ನೂ ಮಗನನ್ನೂ ನಾನು ಬಿಡಲ್ಲ’ ಅಂತ. ಅಳ್ತಾ ಬರೆದಿದ್ದು, ಕಳ್ಕೊಳ್ಳೋಕೆ ಆಗಲ್ಲ ಅನ್ನೋ ಅರ್ಥದಲ್ಲಿ. ಕೋರ್ಟಲ್ಲಿ ಅವರ ಲಾಯರ್ ಅದೇ ಸಾಲನ್ನ ನಿಧಾನಕ್ಕೆ ಎರಡು ಸಲ ಓದಿದ್ರು, ಆಗ ನನ್ನ ಕಿವಿಗೇ ಅದು ಬೆದರಿಕೆ ತರ ಕೇಳಿಸ್ತು. ಮಾಡದೇ ಇರೋ ತಪ್ಪಿಗೆ ನಾನೇ ಸಾಕ್ಷಿ ಬರ್ಕೊಟ್ಟಂಗಾಯ್ತು.

ಇನ್ನು ಫ್ರೆಂಡ್ಸ್. ಎಲ್ಲರಿಗೂ ವಿವರಿಸೋಕೆ ಹೋಗ್ಬೇಡಿ. ನಾನು ಸಿಕ್ಕ ಸಿಕ್ಕೋರಿಗೆಲ್ಲಾ ಹೇಳ್ಕೊಂಡು ಓಡಾಡ್ದೆ, ನಂಬೋರು ಕೇಳದೇನೇ ನಂಬಿದ್ರು, ಉಳಿದೋರಿಗೆ ನಾನು ಹೇಳಿದಷ್ಟೂ ಅನುಮಾನ ಜಾಸ್ತಿ ಆಯ್ತು. ಇಬ್ಬರೇ ಇಬ್ಬರನ್ನ ಆರಿಸ್ಕೊಂಡು ಅವರ ಹತ್ರ ಮಾತ್ರ ಮನಸ್ಸು ಬಿಚ್ಚಿ. ಸೋಶಿಯಲ್ ಮೀಡಿಯಾದಲ್ಲಿ ಒಂದಕ್ಷರನೂ ಬೇಡ.

ಉತ್ತರ 2:
ನಾನು ಫ್ಯಾಮಿಲಿ ಕೇಸ್ ನಡೆಸೋ ಲಾಯರ್. ಬರೀ ಒಂದು ಗಂಟೆ ಭೇಟಿ ಅಂದ್ರೆ ನಿಮ್ಮನ್ನ ತಪ್ಪಿತಸ್ಥ ಅಂತ ತೀರ್ಮಾನ ಮಾಡಿದಾರೆ ಅಂತ ಅಲ್ಲ, ಅದು ಸದ್ಯಕ್ಕೆ ಮಾಡಿರೋ ಮುಂಜಾಗ್ರತೆ ವ್ಯವಸ್ಥೆ. ನಿಜವಾಗ್ಲೂ ಏಟು ತಿಂದೋರು ಎಷ್ಟೋ ಜನರ ಹತ್ರ ಸಾಕ್ಷಿ ಇರಲ್ಲ, ನಾಲ್ಕು ಗೋಡೆ ಮಧ್ಯೆ ನಡೆಯೋದು ಅಲ್ವಾ, ಹಾಗಾಗಿ ಇಂಥ ಆರೋಪನ ಮೊದಲು ಗಂಭೀರವಾಗಿ ತಗೊಳ್ಳೋದು ಸರಿನೇ. ನಿಮಗೆ ಎಷ್ಟೇ ಅನ್ಯಾಯ ಅನ್ಸಿದ್ರೂ ಆ ಆದೇಶನ ಚಾಚೂ ತಪ್ಪದೆ ಪಾಲಿಸಿ.

ಆ ಅಫಿಡವಿಟ್‌ಗೆ ಕೋರ್ಟಲ್ಲಿ ಉತ್ತರ ಹಾಕುವಾಗ ‘ಎಲ್ಲಾ ಸುಳ್ಳು’ ಅಂತ ಒಂದೇ ಸಾಲಲ್ಲಿ ಮುಗಿಸ್ಬೇಡಿ. ಒಂದೊಂದು ಪ್ಯಾರಾಗೂ ಬೇರೆ ಬೇರೆ ಉತ್ತರ ಬೇಕು. ಕೂಗಾಡಿದ್ದು ನಿಜ ಅಂದ್ರಲ್ಲ, ಅದನ್ನ ಹೇಗೆ ಒಪ್ಕೊಳ್ಳೋದು ಅಂತ ನಿಮ್ಮ ಲಾಯರ್ ಜೊತೆ ಕೂತು ಬರೀರಿ, ಅದನ್ನೂ ಇಲ್ಲ ಅಂದು ಪಾಟೀಸವಾಲಲ್ಲಿ ಸಿಕ್ಕಾಕೊಂಡ್ರೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬಲ್ಲ. ಆಕೆ ಹೇಳಿರೋ ತಾರೀಕುಗಳಲ್ಲಿ ನೀವೆಲ್ಲಿದ್ರಿ ಅನ್ನೋದಕ್ಕೆ ಆಫೀಸಿನ ಹಾಜರಾತಿ, ಟಿಕೆಟ್ಟು, ಬ್ಯಾಂಕ್ ಎಂಟ್ರಿ ಏನಿದೆ ಹುಡುಕಿ. ಹಳೇ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ, ನಿಮಗೆ ನಾಚಿಕೆ ಆಗೋದನ್ನೂ ಕೂಡ. ಬರೀ ಸ್ಕ್ರೀನ್‌ಶಾಟ್ ನಂಬ್ಕೊಂಡು ಫೋನ್ ಮಾರ್ಬೇಡಿ, ಮೂಲ ಫೋನೇ ಬೇಕಾಗ್ಬಹುದು.

ಮಗಳ ವಿಷಯಕ್ಕೆ ಆಕೆಗೆ ಬರೆಯಲೇಬೇಕಾದಾಗ, ಅದೂ ಆದೇಶದಲ್ಲಿ ಅವಕಾಶ ಇದ್ರೆ ಮಾತ್ರ, ಬಿಲ್ ಎಡ್ಡಿ ಹೇಳೋ ‘ಬಿಫ್’ ಪದ್ಧತಿ ನೋಡಿ. ಅವರು ಲಾಯರೂ ಹೌದು, ಥೆರಪಿಸ್ಟೂ ಹೌದು. ಚಿಕ್ಕದಾಗಿ, ವಿಷಯ ಮಾತ್ರ, ಮರ್ಯಾದೆಯಿಂದ, ಗಟ್ಟಿಯಾಗಿ. ‘ಶನಿವಾರ ನಾಲ್ಕಕ್ಕೆ ಬರ್ತೀನಿ, ಅವಳ ಔಷಧಿ ಬ್ಯಾಗಲ್ಲಿ ಹಾಕಿ’, ಇಷ್ಟೇ.

ಉತ್ತರ 3:
ಅಣ್ಣ, ನಾನು ಹೆಂಗಸು, ನನ್ನ ಮೇಲೆ ನನ್ನ ಮಾಜಿ ಗಂಡ ಮಗನನ್ನ ಹೊಡೀತಾಳೆ ಅಂತ ಹಾಕಿದ್ರು, ಅದಕ್ಕೇ ಬರೀತಿದೀನಿ. ಆ ಒಂದು ಗಂಟೆಲಿ ಮಗಳನ್ನ ‘ನಾನು ಅಮ್ಮನ್ನ ಹೊಡೆದಿದ್ದು ನೋಡಿದ್ಯಾ’ ಅಂತ ಮಾತ್ರ ಕೇಳ್ಬೇಡಿ, ಸಾಕ್ಷಿ ಹೇಳೋ ಭಾರ ಆ ಮಗು ತಲೆ ಮೇಲೆ ಬೀಳುತ್ತೆ. ನನ್ನ ಮಗ ಒಂದಿನ ಶೂ ಲೇಸ್ ಕಟ್ಟಿಸ್ಕೊಳ್ತಾ ‘ನೀನು ನನ್ನ ಹೊಡೀತಿದ್ಯಂತೆ, ನಂಗೆ ಯಾಕೆ ನೆನಪಿಲ್ಲ’ ಅಂದ. ನನ್ನ ಕೈ ಅಲ್ಲೇ ನಿಂತೋಯ್ತು. ನಿಂಗೆ ಏನು ನೆನಪಿದ್ಯೋ ಅದನ್ನ ಯಾರ ಹತ್ರ ಬೇಕಾದ್ರೂ ಹೇಳ್ಬಹುದು ಪುಟ್ಟ, ನಂಗೆ ಬೇಜಾರಿಲ್ಲ ಅಂದೆ. ಅಪ್ಪನ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ನಾಲಿಗೆ ಕಚ್ಕೊಂಡೇ ಕೂತಿದ್ದೆ.

ನಿದ್ದೆಗೆ ನನಗೆ ಸಹಾಯ ಆಗಿದ್ದು ಬರೆಯೋದು. ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಟೂಡೆಂಟ್ಸ್ ಕೈಲಿ ದಿನಕ್ಕೆ 15 ನಿಮಿಷ, ಸತತ 4 ದಿನ ಮನಸ್ಸಿನ ನೋವು ಬರೆಸಿದ್ರು. ಬರೆದ ತಕ್ಷಣ ಇನ್ನೂ ಬೇಜಾರಾಗಿತ್ತು ಅವರಿಗೆ, ನನಗೂ ಹಾಗೇ ಆಯ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ್ ಹತ್ರ ಹೋಗೋದು ಕಮ್ಮಿ ಆಯ್ತಂತೆ. ಕೇಸಿನ ತಾರೀಕು ಬರೆಯೋ ಪುಸ್ತಕನೇ ಬೇರೆ, ಇದೇ ಬೇರೆ ಇರ್ಲಿ, ಇದನ್ನ ಇಟ್ಕೋಬಹುದಾ ಅಂತ ಲಾಯರ್‌ನ ಮೊದಲೇ ಕೇಳಿ. ಬದುಕೋದೇ ಬೇಡ ಅನ್ನಿಸೋ ರಾತ್ರಿ ಬಂದ್ರೆ ಒಬ್ಬರೇ ಇರ್ಬೇಡಿ, ಯಾರನ್ನಾದ್ರೂ ಎಬ್ಬಿಸಿ, ಡಾಕ್ಟರ್ ಹತ್ರ ಹೋಗಿ. ನನಗೂ ಅಂಥ ರಾತ್ರಿ ಬಂದಿತ್ತು, ಅಕ್ಕನ್ನ ಎಬ್ಬಿಸಿದ್ದೆ.

ಪ್ರಶ್ನೆ ಕೇಳಿದವರು:
ಎಲ್ಲರ ಉತ್ತರನೂ ಎರಡೆರಡು ಸಲ ಓದ್ದೆ. ‘ಬಿಡಲ್ಲ’ ಅನ್ನೋ ಮಾತು ಓದಿ ಎದೆ ಧಸಕ್ ಅಂತು, ನನ್ನ ಫೋನಲ್ಲೂ ಅಂಥದ್ದೇ ಒಂದು ಟೈಪ್ ಮಾಡಿ ಕಳಿಸದೇ ಇಟ್ಟಿದ್ದೆ. ಆ ಅಫಿಡವಿಟ್‌ನ ನಾಳೆ ಲಾಯರ್ ಹತ್ರನೇ ಬಿಟ್ಟು ಬರ್ತೀನಿ, ಮನೇಲಿ ಇದ್ರೆ ಮತ್ತೆ ಓದ್ತೀನಿ. ಶನಿವಾರ ಭೇಟಿ ಇದೆ, ಮಗಳು ಅರ್ಧಕ್ಕೆ ಬಿಟ್ಟಿರೋ ಪಜಲ್ ಇಲ್ಲೇ ಉಳಿದಿದೆ, ಅದನ್ನ ತಗೊಂಡು ಹೋಗ್ತೀನಿ.