ಹೊಲಿಗೆಯ ‘ಈಸ್’ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹೊಲಿಗೆ ಗೊತ್ತಿರುವವರ ಹತ್ತಿರ ಒಂದು ಪದ ಕೇಳಬೇಕಿತ್ತು. ಕೈ ಎತ್ತೋಕೆ, ಕೂರೋಕೆ, ಉಸಿರಾಡೋಕೆ ಅಂತ ಮೈ ಅಳತೆಗಿಂತ ಬಟ್ಟೆಯ ಅಳತೆ ಒಂದಿಷ್ಟು ಜಾಸ್ತಿ ಇರಬೇಕಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಈಸ್’ ಅಂತಾರೆ. ಕನ್ನಡದಲ್ಲಿ ಏನನ್ನೋಣ?

ಇದು ಸುಮ್ನೆ ಹುಟ್ಟಿದ ಪ್ರಶ್ನೆಯಲ್ಲ. ಶಿವಮೊಗ್ಗದಲ್ಲಿರುವ ನಮ್ಮ ಅತ್ತಿಗೆ ರವಿಕೆ ಬಹಳ ಚೆನ್ನಾಗಿ ಹೊಲಿಯುತ್ತಾರೆ. ಪೇಪರ್ ಕಟಿಂಗ್ ಇಟ್ಟುಕೊಂಡು ಕುರ್ತಾ ಹೊಲಿಯುವುದು ಮಾತ್ರ ಅವರಿಗೆ ಹೊಸದು. ನಾನು ಹೊರದೇಶದ ಪ್ಯಾಟರ್ನ್ ಒಂದನ್ನು ಕಳಿಸಿ, ಹೇಗೆ ಮಾಡಬೇಕು ಅಂತ ಕನ್ನಡದಲ್ಲಿ ಬರೆದುಕೊಟ್ಟೆ. ಅವರ ಎದೆ ಸುತ್ತಳತೆ 36 ಇಂಚು, ಪ್ಯಾಟರ್ನಿನಲ್ಲಿ 40. ‘ಅಳತೆಗಿಂತ 4 ಇಂಚು ಜಾಸ್ತಿ ಇದೆ’ ಅಂತ ಬರೆದೆ.

ಆ ಪ್ಯಾಟರ್ನಿನಲ್ಲಿ ಹೊಲಿಗೆಗೆ ಅಂತ ಬಟ್ಟೆ ಸೇರಿಸಿರಲಿಲ್ಲ. ಸುತ್ತಲೂ ಬೇರೆ ಬಿಟ್ಟುಕೊಳ್ಳಬೇಕಿತ್ತು. ಅತ್ತಿಗೆ ಗೆರೆಯ ಮೇಲೇ ಕತ್ತರಿಸಿದರು. ನಾನು ಬರೆದ 4 ಇಂಚನ್ನೇ ಒಳಗೆ ಬಿಟ್ಟ ಬಟ್ಟೆ ಅಂದುಕೊಂಡರು. ಎರಡೂ ಪಕ್ಕದಲ್ಲಿ ಮುಂದಿನದೊಂದು ಹಿಂದಿನದೊಂದು ಅಂತ ನಾಲ್ಕು ಅಂಚು, ಒಂದೊಂದಕ್ಕೆ 1 ಇಂಚು ಹಿಡಿದು ಹೊಲಿದರು. 40 ಇದ್ದದ್ದು ಸರಿಯಾಗಿ 36 ಆಯಿತು. ಜಿಪ್ ಇಲ್ಲ, ಗುಂಡಿ ಇಲ್ಲ. ತಲೆಯಿಂದ ಇಳಿದ ಕುರ್ತಾ ಕಂಕುಳ ಹತ್ತಿರ ನಿಂತುಬಿಟ್ಟಿತು. ‘ನೀನೇ ಬರೆದಿದ್ದೆಯಲ್ಲ, ನಾಲ್ಕಿಂಚು ಜಾಸ್ತಿ ಇದೆ ಅಂತ?’ ಅಂದರು. ಅವರ ಮಾತಲ್ಲಿ ಏನೂ ತಪ್ಪಿಲ್ಲ. ಬಟ್ಟೆ ಅವರ ಅಮ್ಮನ ಹಳೆಯ ಹತ್ತಿ ಸೀರೆಯದು, ಅದಕ್ಕೇ ನನಗೆ ತುಂಬಾ ಬೇಜಾರಾಯಿತು. ಪುಣ್ಯಕ್ಕೆ ಒಳಗಿನ ಬಟ್ಟೆಯನ್ನು ಕತ್ತರಿಸಿ ಬಿಸಾಡಿರಲಿಲ್ಲ. ಬಿಚ್ಚಿ, ಅಂಚಿನಿಂದ ಅರ್ಧ ಇಂಚಿಗೆ ಹೊಲಿದಾಗ 38ಕ್ಕೆ ಬಂತು. ಈಗ ಹಾಕಿಕೊಳ್ಳುತ್ತಿದ್ದಾರೆ.

ರವಿಕೆ ಹೊಲಿಯುವವರ ಕಿವಿಗೆ ‘ಜಾಸ್ತಿ’ ಅಂದರೆ ಒಳಗೆ ಬಿಟ್ಟದ್ದು ಅಂತಲೇ ಕೇಳಿಸುತ್ತದೆ. ಯಾವುದಾದರೂ ರವಿಕೆಯನ್ನು ಒಳಮೈ ಹೊರಗೆ ಮಾಡಿ ಪಕ್ಕದ ಹೊಲಿಗೆ ನೋಡಿ. ಬೆರಳಿನಷ್ಟು ಬಟ್ಟೆ ಒಳಗೇ ಇರುತ್ತದೆ. ಅದರ ಮೇಲೆ ಒಂದರ ಪಕ್ಕ ಒಂದು ಎರಡೋ ಮೂರೋ ಸಾಲು ಹೊಲಿಗೆ. ಮೈ ಸ್ವಲ್ಪ ದಪ್ಪ ಆದರೆ ಮೈ ಕಡೆಯ ಸಾಲು ಬಿಚ್ಚಿದರೆ ಸಾಕು, ಎರಡೂ ಪಕ್ಕ ಸಡಿಲವಾಗುತ್ತದೆ. ಹೊರಗೆ ರವಿಕೆ ಮೈಗೆ ಅಂಟಿಕೊಂಡೇ ಇರಬೇಕು. ಅಲ್ಲಿ ಈಸ್ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅಮೆರಿಕದಲ್ಲಿ ಎಬೆನೀಜರ್ ಬಟರಿಕ್ 1863ರಲ್ಲೇ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್ ಮಾರಲು ಶುರುಮಾಡಿದ. ಗುರುತು ಪರಿಚಯ ಇಲ್ಲದವರಿಗೆ ಕಾಗದದಲ್ಲೇ ಎಲ್ಲವನ್ನೂ ಬರೆದು ಹೇಳಬೇಕು ಅಂದಾಗ ಪ್ರತಿಯೊಂದಕ್ಕೂ ಹೆಸರು ಬೇಕಾಗುತ್ತದೆ. ನಮ್ಮಲ್ಲಿ ಅಳತೆ ರವಿಕೆ ಕೊಟ್ಟರೆ ಆಯಿತು, ಉಳಿದದ್ದು ಎದುರಾಎದುರು ಮಾತು. ಅದಕ್ಕೇ ನಮ್ಮ ಹೊಲಿಗೆಯ ಮಾತೆಲ್ಲ ಕ್ರಿಯಾಪದದಲ್ಲೇ ಇದೆ ಅನ್ನಿಸುತ್ತದೆ. ಭುಜದಲ್ಲಿ ಕೂತಿಲ್ಲ. ಕಂಕುಳಲ್ಲಿ ಹಿಡಿಯುತ್ತೆ. ಎದೆ ಹತ್ತಿರ ಎಳೆಯುತ್ತೆ. ಕತ್ತು ಬಿಟ್ಟುಕೊಂಡಿದೆ. ಸೊಂಟದಲ್ಲಿ ಅರ್ಧ ಇಂಚು ಹಿಡೀರಿ. ಒಳಗೆ ಬಟ್ಟೆ ಬಿಟ್ಟಿದೀರಾ? ‘ಹಿಡಿ’ ಅನ್ನುವ ಒಂದೇ ಮಾತು ಒಂದು ಕಡೆ ದೂರು, ಇನ್ನೊಂದು ಕಡೆ ಪರಿಹಾರ. ಹೀಗೆ ಮಾತಾಡುವಾಗ ಯಾರಿಗೂ ಗೊಂದಲ ಆಗುವುದಿಲ್ಲ. ಬರೆಯಲು ಕೂತಾಗಲೇ ತೊಂದರೆ.

ನನಗೆ ತೋಚಿದ ಪದಗಳು ಹೀಗಿವೆ. ಬೆಂಗಳೂರಿನ ಟೈಲರ್‌ಗಳ ಬಾಯಲ್ಲಿ ‘ಲೂಸಿಂಗ್’ ಕೇಳಿದ್ದೇನೆ. ಇಂಗ್ಲಿಷಿನಿಂದ ಬಂತು ಅನ್ನುವ ಕಾರಣಕ್ಕೆ ನನಗೆ ಅದರ ಮೇಲೆ ಸಿಟ್ಟಿಲ್ಲ. ಗುಂಡಿಯ ‘ಕಾಜ’ ಪೋರ್ಚುಗೀಸರ ‘ಕಾಸಾ’ದಿಂದ ಬಂದು ನಮ್ಮದೇ ಆಗಿಹೋಗಿದೆ. ನನ್ನ ತಕರಾರು ಅರ್ಥದ್ದು. ಲೂಸ್ ಅಂದರೂ ಸಡಿಲ ಅಂದರೂ ಏನೋ ಕೆಟ್ಟಿದೆ, ಸರಿಮಾಡಬೇಕು ಅನ್ನಿಸುತ್ತದೆ. ‘ದೊಗಳೆ’ಯಂತೂ ಬೈಗುಳವೇ ಸರಿ. ಈಸ್ ಇರುವ ಬಟ್ಟೆ ಅಳತೆಗೆ ಸರಿಯಾಗಿಯೇ ಇರುತ್ತದೆ, ಮೈಮೇಲೆ ಚೆನ್ನಾಗಿಯೇ ಕೂರುತ್ತದೆ. ‘ಬಿಡುವು’ ಅನ್ನೋಣವೇ ಅಂತ ಯೋಚಿಸಿದೆ. ಕೇಳಿದವರಿಗೆಲ್ಲ ಮೊದಲು ಸಮಯವೇ ನೆನಪಾಗುತ್ತದೆ, ಮೇಲಾಗಿ ‘ಬಿಡು’ ಅನ್ನುವುದು ಒಳಗಿನ ಬಟ್ಟೆಗೆ ಆಗಲೇ ಮೀಸಲಾಗಿದೆ.

ಸದ್ಯಕ್ಕೆ ನನ್ನ ಮನಸ್ಸು ‘ಸಲೀಸು’ ಕಡೆಗಿದೆ. ಇದೂ ಹೊರಗಿನಿಂದ ಬಂದ ಮಾತೇ, ಆದರೆ ಎಷ್ಟು ಕಾಲದಿಂದ ಮನೆಯಲ್ಲಿದೆ! ‘ಕೈ ಸಲೀಸಾಗಿ ಆಡಬೇಕು’ ಅಂತ ಎಲ್ಲರೂ ಅಂತೀವಿ ಅಲ್ವಾ? ಮೊನ್ನೆ ಅತ್ತಿಗೆಗೆ ಹೊಸದಾಗಿ ಹೀಗೆ ಬರೆದು ಕಳಿಸಿದೆ: ‘ಎದೆಗೆ 4 ಇಂಚು ಸಲೀಸು ಸೇರಿದೆ, ಅದನ್ನು ಮುಟ್ಟಬೇಡಿ. ಹೊಲಿಗೆಗೆ ಸುತ್ತಲೂ ಅರ್ಧ ಇಂಚು ಬೇರೆ ಬಿಡಿ.’ ಓದಿದ ಕೂಡಲೇ ಫೋನ್ ಮಾಡಿ, ‘ಓ, ಕೈಯಾಡೋಕೆ ಬಿಟ್ಟಿರೋದಾ? ಮೊದಲೇ ಹೀಗೆ ಹೇಳಬಾರದಾ?’ ಅಂದರು. ಅಲ್ಲಿಗೆ ಅರ್ಥ ಮುಟ್ಟಿತು. ಆದರೆ ನೋಡಿ, ಅವರ ಬಾಯಲ್ಲಿ ‘ಸಲೀಸು’ ಬರಲಿಲ್ಲ, ‘ಕೈಯಾಡೋಕೆ’ ಬಂತು, ಮತ್ತೆ ‘ಬಿಡು’ ಬಂತು. ಹಾಗಾಗಿ ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಹೊಲಿಗೆಗೆ ಬಿಡುವ ಬಟ್ಟೆಗೆ ‘ಮಾರ್ಜಿನ್’ ಎಲ್ಲ ಕಡೆ ನಡೆಯುತ್ತದೆ, ಮೈಯ ಆಕಾರಕ್ಕೆ ಕೂರಲಿ ಅಂತ ಬಟ್ಟೆ ಮಡಿಚಿ ಹೊಲಿಯುವ ಡಾರ್ಟಿಗೆ ‘ಟಕ್ಸ್’ ಇದೆ. ಅವನ್ನು ಬದಲಿಸುವ ಆಸೆ ನನಗಿಲ್ಲ. ಈಸ್ ಒಂದಕ್ಕೆ ಮಾತ್ರ ಸಹಾಯ ಬೇಕು.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ದರ್ಜಿಗಳು ಏನನ್ನುತ್ತಾರೆ? ನಿಮ್ಮಲ್ಲಿ ಸಿಂಪಿಗರ ಮನೆಯವರಿದ್ದರೆ, ಅಜ್ಜ ಅಪ್ಪಂದಿರು ಅಂಗಿ ಕತ್ತರಿಸುವಾಗ ಆಡುತ್ತಿದ್ದ ಮಾತು ನೆನಪಿದೆಯೇ? ಪೂರ್ತಿ ವಾಕ್ಯವನ್ನೇ ಇದ್ದ ಹಾಗೆ ಬರೆಯಿರಿ. ಅಂಗಿಗೆ ಒಂದು ಮಾತು, ರವಿಕೆಗೆ ಇನ್ನೊಂದು ಮಾತು ಇದ್ದರೆ ಎರಡನ್ನೂ ತಿಳಿಸಿ.